ಹಳೇ ವಿಂಡೋಸಿಗೆ ಎರವಲು ಆಯುಷ್ಯ

2025ರ ಅಕ್ಟೋಬರ್ 14ರಂದು ಏನೂ ಆಗಲಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಭದ್ರತಾ ಪ್ಯಾಚ್‌ಗಳನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಮೊದಲೇ ಹೇಳಿದ್ದ ದಿನ ಅದು. ಮರುದಿನ ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದವರಿಗೆ ಕಂಡದ್ದು ಅದೇ ಪರದೆ, ಅದೇ ಫೋಲ್ಡರು, ಅದೇ ಪ್ರಿಂಟರು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ, 2020ರ ಜನವರಿ 14ರಂದು ವಿಂಡೋಸ್ 7ಕ್ಕೆ ಬೆಂಬಲ ನಿಂತಾಗಲೂ ಹೀಗೇ ಆಗಿತ್ತು. ಆ ಎರಡೂ ಇಂದಿಗೂ ಓಡುತ್ತಿರುವ ಪ್ರೆಸ್ಸು, ವರ್ಕ್‌ಶಾಪು, ಲ್ಯಾಬುಗಳನ್ನು ನಮ್ಮ ಊರುಗಳಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾಕೆ ಬದಲಿಸಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಓಡ್ತಾ ಇದೆಯಲ್ಲ ಸಾರ್, ಮುಟ್ಟೋದ್ಯಾಕೆ?"

ಹಾಗೆನ್ನುವವರು ಸೋಮಾರಿಗಳಲ್ಲ. ಕನ್ನಡದ ಡಿಟಿಪಿ ಬಹುಕಾಲ ನಿಂತಿದ್ದು ಅಡೋಬಿಯ ಪೇಜ್‌ಮೇಕರ್ ಮೇಲೆ. ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ, ಎಕ್ಸ್‌ಪಿ ಬಂದ ವರ್ಷದಲ್ಲೇ. ಅದರ ನಂತರ ದೊಡ್ಡ ಆವೃತ್ತಿ ಬರಲೇ ಇಲ್ಲ. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿ ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಅಕ್ಷರ ಮೂಡಿಸುವ ಲಿಪಿ ತಂತ್ರಾಂಶಕ್ಕೆ ಎಷ್ಟೋ ಕಡೆ ಡಾಂಗಲ್ ಎಂಬ ಪರವಾನಗಿಯ ಪುಟ್ಟ ಸಾಧನ ಚುಚ್ಚಿರಬೇಕು, ಆ ಡಾಂಗಲ್ಲಿನ 32-ಬಿಟ್ ಡ್ರೈವರನ್ನು 64-ಬಿಟ್ ವಿಂಡೋಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 11ರಲ್ಲಂತೂ 32-ಬಿಟ್ ಆವೃತ್ತಿಯೇ ಇಲ್ಲವಾದ್ದರಿಂದ ಡಾಸ್ ಕಾಲದ ಲೆಕ್ಕಪತ್ರದ ಪ್ರೋಗ್ರಾಮುಗಳಿಗೆ ಅಲ್ಲಿ ನೇರ ಪ್ರವೇಶವಿಲ್ಲ. ಹೋಗಲಿ, ಹೊಸ ವಿಂಡೋಸ್ ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸರಿಸುಮಾರು 2018ರಿಂದೀಚಿನ ಪ್ರೊಸೆಸರನ್ನೂ ಕೇಳುತ್ತದೆ. ಇಷ್ಟೇ ಕಾರಣಕ್ಕೆ ಜಗತ್ತಿನ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ದಾರಿ ಹಿಡಿಯಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಎಸೆಯಲು ಮನಸ್ಸು ಬಾರದವರ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಹಳೇ ವಿಂಡೋಸ್ ತಾನಾಗಿಯೇ ಓಡುತ್ತಿಲ್ಲ. ಅದನ್ನು ಓಡಿಸುವವರು ಬೇರೆ ಇದ್ದಾರೆ. ಯಾವುದೇ ಪ್ರೋಗ್ರಾಮು ಕಡತ ತೆರೆಯಲು, ಗಡಿಯಾರ ನೋಡಲು ವಿಂಡೋಸಿನೊಳಗಿನ ಸಿದ್ಧ ಫಂಕ್ಷನ್ನುಗಳನ್ನು ಹೆಸರು ಹಿಡಿದು ಕರೆಯುತ್ತದೆ. ಇವು ಹೆಚ್ಚಾಗಿ ಕರ್ನೆಲ್32 ಎಂಬ ಕಡತದಲ್ಲಿರುತ್ತವೆ. ಹೊಸ ಬ್ರೌಸರು ಕರೆಯುವ ಹೆಸರು ಹಳೇ ವಿಂಡೋಸಿನಲ್ಲಿ ಇಲ್ಲದಿದ್ದರೆ 'ಎಂಟ್ರಿ ಪಾಯಿಂಟ್ ನಾಟ್ ಫೌಂಡ್' ಎಂಬ ಪುಟ್ಟ ಪೆಟ್ಟಿಗೆ ಮೂಡಿ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಇಲ್ಲದ ಫಂಕ್ಷನ್ನನ್ನು ಹೊರಗಿನಿಂದ ತಂದು ತುಂಬಿಕೊಡುವ ಹವ್ಯಾಸಿಗಳು ಹಿಂದಿನಿಂದಲೂ ಇದ್ದಾರೆ. ವಿಂಡೋಸ್ 98ಕ್ಕೆ ಕರ್ನೆಲ್‌ಎಕ್ಸ್, ಎಕ್ಸ್‌ಪಿಗೆ ಒನ್-ಕೋರ್-ಎಪಿಐ, ವಿಂಡೋಸ್ 7ಕ್ಕೆ ವಿಎಕ್ಸ್‌ಕೆಕ್ಸ್ ಬಂದದ್ದು ಹೀಗೆ. ಕ್ರೋಮ್ ತನ್ನ 49ನೇ ಆವೃತ್ತಿಯೊಡನೆ ಎಕ್ಸ್‌ಪಿಯನ್ನೂ 109ನೆಯದರೊಡನೆ ವಿಂಡೋಸ್ 7ನ್ನೂ ಕೈಬಿಟ್ಟಿತು. ಕ್ರೋಮಿಗೆ ಆಧಾರವಾದ ಕ್ರೋಮಿಯಂ ಮೂಲವನ್ನು ತಿದ್ದಿ ಹಳೇ ವಿಂಡೋಸುಗಳಿಗೆ ಒಗ್ಗಿಸಿದ ಸೂಪರ್‌ಮಿಯಂ ಈಗಲೂ ಸಿಗುತ್ತದೆ.

ತಾಂತ್ರಿಕವಾಗಿ ಇದು ಬೆರಗು ಹುಟ್ಟಿಸುವ ಕೆಲಸ, ಮಾಡುವವರ ನಿಯತ್ತನ್ನು ನಾನು ಪ್ರಶ್ನಿಸುತ್ತಿಲ್ಲ. ಇಂಥ ಯೋಜನೆಗಳ ಹಿಂದೆ ಸಾಮಾನ್ಯವಾಗಿ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ದುಡಿಯುತ್ತಿರುತ್ತಾರೆ ಎಂಬುದು ಮಾತ್ರ ಆತಂಕದ ವಿಷಯ. 2024ರ ಮಾರ್ಚ್ ಕೊನೆಯಲ್ಲಿ ಬಯಲಾದ ಎಕ್ಸ್‌ಝೆಡ್ ಪ್ರಕರಣ ಇದಕ್ಕೆ ಸಾಕ್ಷಿ. ಲಿನಕ್ಸ್ ಜಗತ್ತು ತುಂಬ ಬಳಸುವ ಆ ಸಂಕೋಚನ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ. ಸಹಾಯಕ್ಕೆಂದು ಬಂದವನೊಬ್ಬ ಎರಡು ವರ್ಷ ತಾಳ್ಮೆಯಿಂದ ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಸಿದ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಒಬ್ಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಅಷ್ಟು ಕಣ್ಣುಗಳಿರುವ ಕಡೆಯೇ ಹೀಗಾದರೆ, ಯಾವುದೋ ತಾಣದಿಂದ ಇಳಿಸಿಕೊಂಡು ವಿಂಡೋಸಿನ ಹೃದಯಭಾಗಕ್ಕೇ ಸೇರಿಸುವ ಕಡತವನ್ನು ಪರೀಕ್ಷಿಸುವವರು ಯಾರು? ಆಮೇಲೆ ಇನ್ನೊಂದು ಮಾತು: ಬ್ರೌಸರು ಹೊಸದಾದರೂ ಅದರ ಕೆಳಗಿನ ನೆಲ ಹಳೆಯದೇ. ಫಾಂಟು, ಚಿತ್ರ, ನೆಟ್‌ವರ್ಕು, ಪ್ರಿಂಟರಿನ ಕೆಲಸಗಳಲ್ಲಿ ವಿಂಡೋಸ್ ಕೈಹಾಕುವ ಜಾಗದಲ್ಲೆಲ್ಲ ಹಳೆಯ ತೂತು ಹಾಗೇ ಉಳಿದಿರುತ್ತದೆ.

ಆ ತೂತುಗಳ ನಕ್ಷೆ ಪ್ರತಿ ತಿಂಗಳೂ ಹೊಸದಾಗಿ ಸಿಗುತ್ತದೆ ಎಂಬುದನ್ನು ಬಹಳ ಜನ ಯೋಚಿಸುವುದಿಲ್ಲ. ಹೊಸ ವಿಂಡೋಸಿಗೆ ಪ್ಯಾಚ್ ಬಂದ ದಿನ, ದಾಳಿಕೋರರು ಪ್ಯಾಚಿಗೆ ಮೊದಲಿನ ಕಡತವನ್ನೂ ನಂತರದ ಕಡತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಬದಲಾದ ಸಾಲುಗಳೇ ದೋಷ ಎಲ್ಲಿತ್ತೆಂದು ಹೇಳಿಬಿಡುತ್ತವೆ. ಎಷ್ಟೋ ಸಲ ಅದೇ ಸಾಲುಗಳು ಹಳೇ ವಿಂಡೋಸಿನಲ್ಲೂ ಇರುತ್ತವೆ, ಅಲ್ಲಿ ತಿದ್ದುವವರಿಲ್ಲ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ, ಬೆಂಬಲ ನಿಂತು ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಾನೇ ಪ್ಯಾಚ್ ಬಿಟ್ಟಿತು. ವಿಂಡೋಸ್ 8 ಮತ್ತು 10ರಲ್ಲಿ ಆ ದೋಷ ಇರಲೇ ಇಲ್ಲ. ಹಳೆಯದಕ್ಕಷ್ಟೇ ಇದ್ದ ಅಪಾಯಕ್ಕೂ ಪ್ಯಾಚ್ ಬಿಟ್ಟ ಕಂಪನಿ ಎಷ್ಟು ಹೆದರಿತ್ತೆಂದು ಊಹಿಸಬಹುದು.

ಹೆದರಿಕೆಗೆ ಕಾರಣ ಎರಡು ವರ್ಷದ ಹಿಂದಿನದು. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ಸುಲಿಗೆ ಹುಳು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಆಸ್ಪತ್ರೆ ಟ್ರಸ್ಟುಗಳು ತೊಂದರೆಗೆ ಸಿಲುಕಿದವು. ರದ್ದಾದ ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳು ಸುಮಾರು 19,000 ಎಂಬ ಅಂದಾಜಿದೆ. ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರುಗಳಿಗೂ ಬಿಸಿ ತಟ್ಟಿತ್ತು. ಇದನ್ನು ಎಕ್ಸ್‌ಪಿಯ ಪಾಪವೆಂದೇ ಎಲ್ಲೆಡೆ ಬರೆಯುತ್ತಾರೆ. ಪುರಾವೆ ಹಾಗೆ ಹೇಳುವುದಿಲ್ಲ. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ಎಕ್ಸ್‌ಪಿ ಯಂತ್ರಗಳು ಅನೇಕ ಸಲ ನೀಲಿ ಪರದೆ ತೋರಿಸಿ ಕುಸಿದುಬಿಡುತ್ತಿದ್ದವು, ಹಾಗಾಗಿ ಅವುಗಳಿಂದ ಹುಳು ಹೆಚ್ಚು ಹರಡಲಿಲ್ಲ. ವಿಂಡೋಸ್ 7ಕ್ಕೆ ಪ್ಯಾಚ್ ಬಂದು ಆಗಲೇ ಎರಡು ತಿಂಗಳಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಎರಡು ತಿಂಗಳ ಉದಾಸೀನಕ್ಕೆ ಇಷ್ಟು ದಂಡ ತೆತ್ತ ಮೇಲೆ, ಪ್ಯಾಚೇ ಬಾರದೆ ವರ್ಷಗಟ್ಟಲೆ ನೆಟ್ಟಿನಲ್ಲಿರುವ ಯಂತ್ರದ ಲೆಕ್ಕ ಹಾಕಿಕೊಳ್ಳಿ. ಬ್ಯಾಂಕುಗಳಿಗೆ ಈ ಲೆಕ್ಕ ಹೇಳಿಕೊಡಲು ರಿಸರ್ವ್ ಬ್ಯಾಂಕೇ ಮುಂದಾಗಬೇಕಾಯಿತು. ಬೆಂಬಲವಿಲ್ಲದ ವಿಂಡೋಸಿನಲ್ಲಿ ಓಡುವ ಎಟಿಎಂಗಳನ್ನು ಹಂತಹಂತವಾಗಿ 2019ರ ಜೂನ್ ಒಳಗೆ ಪೂರ್ತಿ ಬದಲಿಸಬೇಕೆಂದು 2018ರ ಜೂನ್‌ನಲ್ಲಿ ಅದು ಸುತ್ತೋಲೆ ಹೊರಡಿಸಿತು. ಬೀದಿಬದಿಯ ಪ್ರೆಸ್ಸಿಗೆ ಯಾವ ಸುತ್ತೋಲೆಯೂ ಬರುವುದಿಲ್ಲ.

ಯಾರೂ ದಾಳಿ ಮಾಡದಿದ್ದರೂ ಹಳೇ ಯಂತ್ರ ಒಂದೊಂದೇ ಬಾಗಿಲು ಕಳೆದುಕೊಳ್ಳುತ್ತದೆ. ಜಾಲತಾಣಗಳ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪ್ರಮಾಣಪತ್ರಗಳಿಗೆ ಮುಗಿಯುವ ತಾರೀಖು ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸದನ್ನು ಪಡೆಯದ ಹಳೇ ಸಾಧನಗಳಲ್ಲಿ ಎಷ್ಟೋ ತಾಣಗಳು ಏಕಾಏಕಿ ತೆರೆಯದಾದವು. 2025ರ ಮಾರ್ಚ್ 14ರಂದು ಫೈರ್‌ಫಾಕ್ಸಿನ ಸರದಿ. ನವೀಕರಿಸದ ಹಳೇ ಆವೃತ್ತಿಗಳ ಆಡ್-ಆನ್‌ಗಳಿಗೆ ಕುತ್ತು ಬಂತು. ಕಂಪ್ಯೂಟರು ಬೂಟ್ ಆಗುವಾಗ ಕಾವಲು ಕಾಯುವ ಸೆಕ್ಯೂರ್ ಬೂಟ್ ವ್ಯವಸ್ಥೆಯ 2011ರ ಪ್ರಮಾಣಪತ್ರಗಳಿಗೆ 2026ರ ಜೂನ್‌ನಿಂದ ಅವಧಿ ಮುಗಿಯತೊಡಗುತ್ತದೆ. ಅದರಿಂದ ಯಂತ್ರ ನಿಂತುಹೋಗುವುದಿಲ್ಲ, ಬೂಟ್ ಹಂತದ ಹೊಸ ರಕ್ಷಣೆ ಸಿಗುವುದು ನಿಲ್ಲುತ್ತದೆ. ಲಿನಕ್ಸಿಗೆ ಓಡಿಹೋಗುತ್ತೇವೆ ಎನ್ನುವವರಿಗೂ ದಾರಿ ಕಿರಿದಾಗುತ್ತಿದೆ: 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32-ಬಿಟ್ ಪಿಸಿಗಳ ಇನ್‌ಸ್ಟಾಲರ್ ಇಲ್ಲ.

ಇಷ್ಟೆಲ್ಲ ಜಗತ್ತಿಗೇ ಸಂಬಂಧಿಸಿದ್ದು. ಕನ್ನಡದವರಿಗೆ ಇನ್ನೊಂದು ನಷ್ಟ ಕಾದಿದೆ, ನನಗೆ ವೈರಸ್ಸಿಗಿಂತ ಅದರದೇ ಚಿಂತೆ. ನುಡಿ, ಶ್ರೀಲಿಪಿ ಎಂಬ ಲಿಪಿ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡವೇ ಇರುವುದಿಲ್ಲ. ನುಡಿಯಲ್ಲಿ 'ಕ' ಎಂದು ಕಾಣುವುದು ಕಡತದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ನೆತ್ತಿಯ ಮೇಲೆ ಗೀಟಿರುವ ಒಂದು 'ಎ'. ಮೊದಲನೆಯದು ಅಕ್ಷರದ ಮೈ, ಎರಡನೆಯದು ತಲೆಕಟ್ಟು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹುಳ ಹರಿದಂತೆ ಯುರೋಪಿನ ಅಕ್ಷರಗಳು. ಶ್ರೀಲಿಪಿಯ ಸಂಕೇತಗಳು ಮತ್ತೆ ಬೇರೆ. ದಶಕಗಳ ಸ್ಮರಣ ಸಂಚಿಕೆಗಳು, ಜಿಲ್ಲಾ ಪತ್ರಿಕೆಗಳ ಪುಟಗಳು, ಸಣ್ಣ ಪ್ರಕಾಶಕರ ಪುಸ್ತಕಗಳು, ಮಠ ಮತ್ತು ಸಂಘಗಳ ದಾಖಲೆಗಳು ಈ ರೂಪದಲ್ಲೇ ಹಾರ್ಡ್ ಡಿಸ್ಕುಗಳಲ್ಲಿ ಕೂತಿವೆ, ಅದೂ ಪೇಜ್‌ಮೇಕರ್ ಕಡತಗಳೊಳಗೆ. ಅಡೋಬಿಯದೇ ಇನ್‌ಡಿಸೈನ್ ತಂತ್ರಾಂಶ 2012ರ ಸಿಎಸ್6 ಆವೃತ್ತಿಯ ತನಕ ಆ ಕಡತಗಳನ್ನು ತೆರೆಯುತ್ತಿತ್ತು, ಮುಂದಿನ ಆವೃತ್ತಿಗಳು ತೆರೆಯುವುದಿಲ್ಲ. ಹೀಗೆ ಫಾಂಟು, ಪೇಜ್‌ಮೇಕರು, ಡಾಂಗಲ್ಲು, ಎಕ್ಸ್‌ಪಿ ನಾಲ್ಕೂ ಒಂದೇ ಹಳೇ ಪೆಟ್ಟಿಗೆಯಲ್ಲಿ ಬದುಕಿರುವವರೆಗೆ ಮಾತ್ರ ಆ ಕನ್ನಡ ಓದಲು ಸಿಗುತ್ತದೆ. ಒಂದು ಮದರ್‌ಬೋರ್ಡ್ ಸತ್ತರೆ ಸಾಕು.

ಯುನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿಯೇ ಇವೆ. ಆದರೆ ಗುಂಡಿ ಒತ್ತಿ ಎದ್ದು ಹೋಗುವ ಕೆಲಸ ಅದಲ್ಲ. 'ಸೂರ್ಯ' ಎಂಬ ಪದವನ್ನೇ ನೋಡಿ. ಹಳೇ ಫಾಂಟಿನಲ್ಲಿ ಕೈ ಬರೆಯುವ ಕ್ರಮದಲ್ಲೇ ಸೂ, ಯ, ಆಮೇಲೆ ಅರ್ಕಾವತ್ತು ಬರುತ್ತವೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ. ರಕಾರ ಮೊದಲು, ಯಕಾರ ನಂತರ. ಪರಿವರ್ತಕ ಅರ್ಕಾವತ್ತನ್ನು ಕಂಡು, ಹಿಂದೆ ಹೋಗಿ, ಆ ಅಕ್ಷರದ ಎದುರು 'ರ್' ಇಟ್ಟು ಬರಬೇಕು. ಒತ್ತಕ್ಷರವೂ ದೀರ್ಘವೂ ಕೂಡಿಕೊಂಡ ಕಡೆ ಇದು ತಪ್ಪುವುದುಂಟು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡವೆಂದೇ ಎಣಿಸಿ ಅರ್ಥವಿಲ್ಲದ ಅಕ್ಷರಮಾಲೆ ಮಾಡಿಬಿಡುತ್ತದೆ. ಹಾಗಾಗಿ ಕರಡು ತಿದ್ದುವವರು ಪಕ್ಕದಲ್ಲಿರಬೇಕು, ಹಳೇ ಯಂತ್ರದಲ್ಲಿ ಮೂಲ ಪುಟ ತೆರೆದಿರಬೇಕು. ಯಂತ್ರ ಕೆಟ್ಟ ಮೇಲೆ ಹೋಲಿಸಲು ಮೂಲವೇ ಇರುವುದಿಲ್ಲ.

ಹಳೆಯದನ್ನು ಇಟ್ಟುಕೊಳ್ಳಲೇಬೇಕಾದವರು ಮೊದಲು ಅದರ ನೆಟ್ ಕೇಬಲ್ ಕೀಳಬೇಕು, ವೈ-ಫೈ ಅಡಾಪ್ಟರ್ ತೆಗೆಯಬೇಕು. ಜಾಲಕ್ಕೆ ಇನ್ನೊಂದು ಯಂತ್ರ ಇರಲಿ, ಅಗ್ಗದ್ದಾದರೂ ಸರಿ. ಪೆನ್‌ಡ್ರೈವನ್ನು ಮರೆಯಬೇಡಿ. 2008ರಲ್ಲಿ ಬಂದ ಕಾನ್‌ಫಿಕರ್ ಎಂಬ ಹುಳು ಪೆನ್‌ಡ್ರೈವುಗಳ ಮೂಲಕವೂ ಹಬ್ಬಿತ್ತು, 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹುಳು ಜಾಲಕ್ಕೆ ಸೇರಿಸದ ಯಂತ್ರಗಳನ್ನೂ ಹೀಗೇ ಮುಟ್ಟಿತ್ತು. ಲಗ್ನಪತ್ರಿಕೆ ಮಾಡಿಸಲು ಬಂದವರು ಕೊಡುವ ಪೆನ್‌ಡ್ರೈವನ್ನು ನೇರವಾಗಿ ಎಕ್ಸ್‌ಪಿಗೆ ಚುಚ್ಚುವ ಅಭ್ಯಾಸ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಸಹಜವೆಂದು ಎಲ್ಲರೂ ಬಲ್ಲರು. ಅದನ್ನು ಮೊದಲು ಹೊಸ ಯಂತ್ರದಲ್ಲಿ ತಪಾಸಣೆ ಮಾಡಿ, ಬೇಕಾದ ಕಡತವನ್ನಷ್ಟೇ ತಮ್ಮದೇ ಡ್ರೈವಿನಲ್ಲಿ ದಾಟಿಸುವುದು ಲೇಸು.

ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಹಳೇ ವಿಂಡೋಸನ್ನು ಹೊಸ ಕಂಪ್ಯೂಟರಿನ ಒಳಗೆ, ವರ್ಚುವಲ್‌ಬಾಕ್ಸಿನಂಥ ತಂತ್ರಾಂಶದಲ್ಲಿ, ನೆಟ್‌ವರ್ಕ್ ಇಲ್ಲದೆ ಓಡಿಸುವುದು. ಯುಎಸ್‌ಬಿ ಡಾಂಗಲ್ಲನ್ನು ಸಾಮಾನ್ಯವಾಗಿ ಅದರೊಳಕ್ಕೆ ದಾಟಿಸಬಹುದು, ಹಳೇ ಪ್ರಿಂಟರ್ ಪೋರ್ಟಿನ ಡಾಂಗಲ್ ತೊಂದರೆ ಕೊಡುತ್ತದೆ. ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳಬಹುದು. ಇಷ್ಟು ಕಿರಿಕಿರಿ ಸಹಿಸಿದರೆ ಇಡೀ ಸಿಸ್ಟಮ್ ಒಂದು ಕಡತವಾಗಿಬಿಡುತ್ತದೆ, ಎಷ್ಟು ಪ್ರತಿ ಬೇಕಾದರೂ ಇಟ್ಟುಕೊಳ್ಳಬಹುದು. ವಿಂಡೋಸ್ 10ರಲ್ಲಿ ಇರುವವರ ಮಾತು ಬೇರೆ. ಮನೆಬಳಕೆದಾರರಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಸ್ತರಣೆ 2026ರ ಅಕ್ಟೋಬರ್ 13ರವರೆಗೆ, ಸಂಸ್ಥೆಗಳಿಗೆ ಹಣ ತೆತ್ತರೆ 2028ರ ಅಕ್ಟೋಬರ್‌ವರೆಗೆ. ಸ್ಲೊವೇನಿಯಾದ ಎಕ್ರೋಸ್ ಸೆಕ್ಯುರಿಟಿ ಕಂಪನಿಯ 0ಪ್ಯಾಚ್ ಸೇವೆ ಬೆಂಬಲ ನಿಂತ ವಿಂಡೋಸಿನ ಗಂಭೀರ ದೋಷಗಳಿಗೆ ಪುಟ್ಟ ತೇಪೆಗಳನ್ನು ಮಾರುತ್ತದೆ. ಹೆಸರಿಲ್ಲದ ತಾಣದ ಉಚಿತ ಕಡತಕ್ಕಿಂತ ಹೊಣೆ ಹೊರುವ ಕಂಪನಿಗೆ ದುಡ್ಡು ಕೊಡುವುದೇ ಮೇಲೆಂದು ನಾನು ಹೇಳುತ್ತೇನೆ.

ಪರಿವರ್ತನೆಗೆ ಕೂರುವವರು ತೀರ ಹಳೆಯ ಡಿಸ್ಕಿನಿಂದ ಶುರುಮಾಡುವುದು ಒಳ್ಳೆಯದು, ತಿರುಗುವಾಗ ಸದ್ದು ಮಾಡುವ ಡಿಸ್ಕಿದ್ದರೆ ಅದೇ ಮೊದಲು. ಪೇಜ್‌ಮೇಕರ್ ಸಿಗದಿದ್ದರೆ ಉಚಿತವಾದ ಲಿಬ್ರೆಆಫೀಸ್ ಡ್ರಾ ಎಷ್ಟೋ ಹಳೇ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತದೆ. ವಿನ್ಯಾಸ ಅಲ್ಲಲ್ಲಿ ಕದಡಿದರೂ ಪಠ್ಯ ಕೈಗೆ ಬರುತ್ತದೆ. ಪ್ರತಿ ಕಡತದ ಮೂಲ, ಅದರ ಫಾಂಟು, ಯುನಿಕೋಡ್ ಪಠ್ಯ, ಪುಟದ ಪಿಡಿಎಫ್ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಬ್ಬರು ಓದಿ ಮುಗಿಸುವ ತನಕ ಹಳೇ ಸಿಸ್ಟಮನ್ನು ಗುಜರಿಯವರಿಗೆ ಕೊಡಬೇಡಿ, ಫಾರ್ಮ್ಯಾಟ್ ಹೊಡೆಸಲೂಬೇಡಿ.