ಹಳಿಯಾಳದ ಸಂತೆಯಿಂದ ಜೋಯಿಡಾದ ಗಡಿವರೆಗೆ

ಹಳಿಯಾಳದ ಸಂತೆಯಲ್ಲಿ ಕಿವಿಗೇ ಹೆಚ್ಚು ಕೆಲಸ. ಒಣಮೆಣಸಿನಕಾಯಿ ರಾಶಿಯ ಹಿಂದೆ ಕೂತವಳು ಮರಾಠಿಯಲ್ಲಿ ದರ ಹೇಳುತ್ತಾಳೆ. ಕೊಳ್ಳುವವನು ಧಾರವಾಡ ಕಡೆಯ ಕನ್ನಡದಲ್ಲಿ ಚೌಕಾಸಿಗಿಳಿಯುತ್ತಾನೆ. ಹಾಲಿನ ಖಾಲಿ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿದ ಗೌಳಿಗ ಎಮ್ಮೆಗೆ ಹಿಂಡಿ ಕೊಳ್ಳುತ್ತಿದ್ದಾನೆ. ಗುಂಗುರು ಕೂದಲಿಗೆ ಹೂ ಮುಡಿದ ಮೂವರು ಸಿದ್ದಿ ಹೆಂಗಸರು ಒಣಮೀನಿನ ಬುಟ್ಟಿಯ ಮುಂದೆ ನಿಂತಿದ್ದಾರೆ. ತಮ್ಮ ತಮ್ಮಲ್ಲಿ ಕೊಂಕಣಿ, ಮೀನಿನವಳ ಜೊತೆ ಮರಾಠಿ, ಎದುರಾದ ಮೇಷ್ಟ್ರಿಗೆ ಕನ್ನಡ. ಒಂದೇ ಉಸಿರಿನಲ್ಲಿ ಮೂರೂ ಸಾಗುತ್ತವೆ. ಯಾರೂ ಅವರನ್ನು ತಿರುಗಿ ನೋಡುವುದಿಲ್ಲ. ನೋಡುವವರು ದಾಂಡೇಲಿಗೆ, ಕಾಳಿ ನದಿಯ ರಾಫ್ಟಿಂಗಿಗೆಂದು ಬಂದು ಇಲ್ಲಿ ಕಾರು ನಿಲ್ಲಿಸಿದವರು. ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ: ‘ಇವರು ಎಲ್ಲಿಯವರು?’

ಇಲ್ಲಿಯವರೇ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಹಡಗಿನಲ್ಲಿ ತುಂಬಿ ತಂದು ಮಾರಿದವರ ಸಂತತಿ ಇವರು. ಧಣಿಗಳ ಮನೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರಿಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ದಟ್ಟ ಕಾಡೇ ಆಸರೆಯಾಯಿತು. ಕಾಡು ಕಡಿದರು, ಜೇನು ಇಳಿಸಿದರು, ಕಂಡವರ ಅಡಿಕೆ ತೋಟದಲ್ಲಿ ದುಡಿದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಆದರೆ ಡಮಾಮಿಯ ದೊಡ್ಡ ಚರ್ಮವಾದ್ಯ ನೆಲಕ್ಕೆ ಒರಗಿ ಸದ್ದು ಮಾಡಿತೆಂದರೆ ಕೇರಿಗೆ ಕೇರಿಯೇ ಎದ್ದು ಬರುತ್ತದೆ. ಆಗ ಯಾವ ಮನೆಯ ಮುಂದೆ ತುಳಸಿಕಟ್ಟೆ, ಯಾವ ಮನೆಯ ಗೋಡೆಗೆ ಶಿಲುಬೆ ಎಂದು ಯಾರೂ ಎಣಿಸುವುದಿಲ್ಲ.

ಊರಾಚೆಯ ಒಂದು ಸಿದ್ದಿ ಕೇರಿಗೆ ಮಧ್ಯಾಹ್ನ ಹೋಗಬೇಕು. ಸಾಗುವಾನಿ ಎಲೆಗಳ ಸಪ್ಪಳ, ಕೆಂಪು ಮಣ್ಣಿನ ದಾರಿ, ಹಂಚಿನ ಮಾಡು. ಸೆಗಣಿ ಸಾರಿಸಿದ ಜಗುಲಿಯ ಮೇಲೆ ಕಾಲು ಚಾಚಿ ಕೂತ ಅಜ್ಜಿಯ ಮಡಿಲು ತುಂಬಿ ನೆಲಕ್ಕೆ ಹರಿದಿರುವುದು ಕವಂದಿ, ತುಂಡುಬಟ್ಟೆಗಳ ಹೊದಿಕೆ. ಅಡಿಗೆ ಒಂದು ಹಳೆಯ ಸೀರೆ. ಅದರ ಮೇಲೆ ಮಗನ ಲುಂಗಿ, ಮೊಮ್ಮಗಳ ಲಂಗ, ಅಂಚು ಸವೆದ ಪರಕಾರ, ಎಲ್ಲ ತುಂಡು ತುಂಡಾಗಿ. ಅಳತೆಯ ಪಟ್ಟಿಯಿಲ್ಲ, ಗುರುತು ಹಾಕುವ ಸೀಮೆಸುಣ್ಣವಿಲ್ಲ. ಒಂದು ಮೂಲೆಯಿಂದ ಹೊರಟ ಸೂಜಿ ಅಂಚಿನುದ್ದಕ್ಕೂ ಸುತ್ತಿ ಸುತ್ತಿ, ಸಾಲು ಸಾಲಾಗಿ ಒಳಕ್ಕೆ ಸರಿಯುತ್ತ ನಟ್ಟನಡುವೆ ಹೋಗಿ ನಿಲ್ಲುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುವುದೇ ‘ಫುಲ’, ಎಂದರೆ ಹೂ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎನ್ನುತ್ತಾರೆ ಈ ಹೆಂಗಸರು. ಯಾರ ಕಣ್ಣಿಗೂ ಬೀಳದೆ ತೊಟ್ಟಿಲಲ್ಲಿ ಮಡಚಿ ಬೀಳುವ ಹೊದಿಕೆಗೂ ಮೂಲೆಯಲ್ಲಿ ಹೂ ಇರಲೇಬೇಕೆಂಬ ಈ ಹಟ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಬಡತನ ಅವರಿಂದ ಎಷ್ಟೋ ಕಸಿದಿದೆ, ಇದನ್ನು ಕಸಿಯಲಾಗಲಿಲ್ಲ.

ಹೊರಗಿನವರು ಮಾತ್ರ ಇವರಲ್ಲಿ ಹುಡುಕಿದ್ದು ಆಫ್ರಿಕವನ್ನೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿಸಲು ಆರಿಸಿಕೊಂಡಾಗ ಆ ಯೋಜನೆಯ ಬೆನ್ನಿಗಿದ್ದದ್ದು ರಕ್ತದ ಲೆಕ್ಕಾಚಾರ. ಮಕ್ಕಳು ಓಡಿದರು, ಪದಕ ತಂದರು. ಕೆಲವರಿಗೆ ಉದ್ಯೋಗವೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಉಳಿದವರು ಮತ್ತೆ ಕೂಲಿಗೆ ಮರಳಿದರು. ಇಂದಿಗೂ ಬೆಂಗಳೂರಿಗೆ ದುಡಿಯಲು ಹೋದ ಸಿದ್ದಿ ಹುಡುಗರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ಪಾಸ್‌ಪೋರ್ಟ್ ಕೇಳುವವರಿದ್ದಾರೆ. ಹುಡುಗ ‘ಹಳಿಯಾಳದಾಂವರೀ ನಾ’ ಎಂದರೂ ನಂಬಿಕೆ ಬಾರದು.

ಮುಂಡಗೋಡಕ್ಕೆ ಬನ್ನಿ, ನೋಟ ಬೇರೆ. ಗೋವಿನಜೋಳದ ಹೊಲಗಳ ನಡುವೆ ಒಮ್ಮೆಗೇ ಬಂಗಾರ ಬಣ್ಣದ ಮಾಡು, ಗಾಳಿಗೆ ಪಟಪಟಿಸುವ ಪ್ರಾರ್ಥನಾ ಪತಾಕೆಗಳು, ಬೈಕಿನ ಹಿಂದೆ ಕಡುಗೆಂಪು ನಿಲುವಂಗಿಯ ಭಿಕ್ಷು. 1966ರಲ್ಲಿ ಇಲ್ಲಿ ಟಿಬೆಟನ್ ವಸಾಹತು ತಲೆಯೆತ್ತಿತು; ಲ್ಹಾಸಾ ಸುತ್ತಲಿನ ಡ್ರೆಪುಂಗ್, ಗಾಡೆನ್ ಮಠಗಳು ಈ ಬಯಲಲ್ಲಿ ಮರುಹುಟ್ಟು ಪಡೆದವು. ಜಪಮಣಿ ತಿರುಗಿಸುತ್ತ ಕೂತ ಟಿಬೆಟನ್ ಅಜ್ಜಿಗೆ ಬಿಟ್ಟುಬಂದ ಹಳ್ಳಿಯ ಹೆಸರು ಗೊತ್ತು, ಅಲ್ಲಿನ ಹಿಮದ ನೆನಪು ಗೊತ್ತು. ಸಿದ್ದಿ ಅಜ್ಜಿಗೆ ಹೀಗೆ ನೆನೆಯಲು ಇನ್ನೊಂದು ಊರಿಲ್ಲ. ಆಕೆಯ ಹಿರಿಯರೆಲ್ಲ ಮಣ್ಣಾದದ್ದು ಈ ಕಾಡಿನಲ್ಲೇ. ಇಬ್ಬರೂ ಒಂದೇ ಬಸ್ಸಿನಲ್ಲಿ, ಹುಬ್ಬಳ್ಳಿ ಆಸ್ಪತ್ರೆಗೆ, ಅಕ್ಕಪಕ್ಕ ಕೂತು ಹೋಗುತ್ತಾರೆ. ಇಬ್ಬರಿಗೂ ಸಾಕಾಗುವಷ್ಟು ಕನ್ನಡವಿದೆ.

ಸಂತೆಗೂ ಬಸ್ಸಿಗೂ ಕಾಣದ ಗೆರೆಗಳನ್ನು ಕಾಗದ ಎಳೆದಿದೆ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದ ಸಿದ್ದಿ ಬುಡಕಟ್ಟಿನವನಾದ. ಕಾಡಿನ ಮಗ್ಗುಲು ದಾಟಿ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇರುವ ಅವನ ಸೋದರಮಾವ ಆಗಲಿಲ್ಲ! ಧಾರವಾಡ, ಬೆಳಗಾವಿಯ ಸಿದ್ದಿಗಳೂ ಪಟ್ಟಿಗೆ ಬರಲು 2020 ಆಗಬೇಕಾಯಿತು. ಅದೇ ವರ್ಷ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದಾಗ ಕೇರಿಗಳಲ್ಲಿ ಡಮಾಮಿ ಬಾರಿಸಿದರೂ ಆಶ್ಚರ್ಯವಿರಲಿಲ್ಲ. ಅಷ್ಟು ದೊಡ್ಡ ಸುದ್ದಿ ಅದು.

ಪಟ್ಟಿ ಎಂದರೆ ಬರೀ ಹೆಸರಲ್ಲ, ಮನೆಯಂಗಳ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುನ್ನ ತಾವಿರುವ ಕಾಡುನೆಲದಲ್ಲಿ ನೆಲೆಸಿದ್ದರೆಂದು ತೋರಿಸಿದರೆ ಸಾಕು, ಅದರ ಹಕ್ಕು ಅವರದು. ಉಳಿದ ಕಾಡುವಾಸಿಗಳು ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತರಬೇಕು. ಅಕ್ಷರ ಕಾಣದ ಅಜ್ಜನ ಹೆಸರಿನ ಕಾಗದವನ್ನು ಮೊಮ್ಮಗ ಎಲ್ಲಿಂದ ತಂದಾನು? ಎಮ್ಮೆಗಳೊಡನೆ ಕಾಡಂಚಿನಲ್ಲಿ ಬಾಳುವ ಗೌಳಿಗರು ಇಂದಿಗೂ ಈ ಎರಡನೆಯ ಸಾಲಿನಲ್ಲೇ ನಿಂತಿದ್ದಾರೆ. ಜೋಯಿಡಾದ ಕುಣಬಿಗಳೂ ಅಷ್ಟೇ. ಅವರ ಹಿತ್ತಿಲಲ್ಲಿ ಅಗೆದಷ್ಟೂ ಬಗೆಬಗೆಯ ಗೆಡ್ಡೆಗಳು. ಯಾವುದನ್ನು ಸುಡಬೇಕು, ಯಾವುದನ್ನು ಬೇಯಿಸಬೇಕು ಎಂಬುದು ಮಕ್ಕಳಿಗೂ ಗೊತ್ತು. ಗಡಿಯಾಚೆ, ಗೋವೆಯ ಕುಣಬಿಗಳು 2003ರಲ್ಲೇ ಪರಿಶಿಷ್ಟ ಪಂಗಡವಾದರು. ಹಬ್ಬಕ್ಕೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿಬರುವ ನೆಂಟರು ಇವರು. ಈಚೆಯವರು ಅರ್ಜಿ ಹಿಡಿದು ಕಾರವಾರಕ್ಕೆ, ಬೆಂಗಳೂರಿಗೆ ಇನ್ನೂ ನಡೆಯುತ್ತಲೇ ಇದ್ದಾರೆ.