ಸೆನ್ಸರಿನ ಮಾತನ್ನು ನಂಬುವ ಮುನ್ನ



ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮುನ್ನ ನಾವು ಶುಭ್ರವಾದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸುತ್ತೇವೆ. ಮೈಲುತುತ್ತ, ಸುಣ್ಣ ಎರಡನ್ನೂ ತೂಗಿಯೇ ಹಾಕಿದ್ದರೂ ಈ ಪರೀಕ್ಷೆಯನ್ನು ಬಿಡುವುದಿಲ್ಲ. ಇಷ್ಟು ಎಚ್ಚರಿಕೆಯುಳ್ಳ ನಾವು, ತೋಟಕ್ಕೆ ಹೊಸದಾಗಿ ಬಂದಿರುವ ಸೆನ್ಸರುಗಳು ತೋರಿಸಿದ ಅಂಕಿಯನ್ನು ಮಾತ್ರ ಹಾಗೆಯೇ ನಂಬಿಬಿಡುತ್ತೇವೆ. ನಾನೂ ಹಾಗೆ ನಂಬಿ ಪೆಟ್ಟು ತಿಂದವನು.

ಹೋದ ಬೇಸಿಗೆಯಲ್ಲಿ ರೋಬಸ್ಟಾ ತಾಕಿಗೆ ಸ್ಪ್ರಿಂಕ್ಲರಿನಲ್ಲಿ ಹೂವಿನ ನೀರು ಕೊಟ್ಟಾಗಿತ್ತು. ಹೂ ಚೆನ್ನಾಗಿಯೇ ಅರಳಿತು. ಹದಿನೈದು ಇಪ್ಪತ್ತು ದಿನಗಳಲ್ಲಿ ಬ್ಯಾಕಿಂಗ್ ನೀರು ಕೊಡಬೇಕಷ್ಟೆ. ಕೆರೆಯಲ್ಲಿ ನೀರು ಕಡಿಮೆಯಿದ್ದುದರಿಂದ, ಮಣ್ಣಿನ ತೇವ ನೋಡುವ ಸೆನ್ಸರು ‘ಒಣಗಿದೆ’ ಎಂದಾಗ ಮೋಟಾರು ಹಾಕೋಣವೆಂದು ಕಾದೆ. ಅದು ದಿನವೂ ‘ಒದ್ದೆ’ ಎನ್ನುತ್ತಲೇ ಇತ್ತು. ಕೊನೆಗೆ ನಮ್ಮ ಮೇಸ್ತ್ರಿ, “ಅಯ್ಯಾ, ಬುಡದ ಮಣ್ಣು ಪುಡಿಪುಡಿ ಆಗಿದೆ, ಇನ್ನೂ ನೀರು ಬಿಡೋದಿಲ್ವಾ?” ಎಂದು ಒಂದು ಹಿಡಿ ಮಣ್ಣು ತಂದು ಜಗಲಿಯ ಮೇಲೆ ಸುರಿದ. ಸೆನ್ಸರನ್ನು ಕಿತ್ತು, ಒರೆಸಿ, ಗಾಳಿಯಲ್ಲಿ ಹಿಡಿದೆ. ಗಾಳಿಯನ್ನೂ ಅದು ‘ಒದ್ದೆ’ ಎಂದಿತು! ಪಟ್ಟಿಯ ಕತ್ತರಿಸಿದ ಅಂಚಿನಲ್ಲಿ ನೀರು ಒಳಗೆ ಸೇರಿತ್ತು. ಒಂದು ವಾರ ತಡವಾಯಿತು. ಆ ತಾಕಿನಲ್ಲಿ ಕಾಯಿ ಕಚ್ಚಿದ್ದೂ ಕಡಿಮೆಯಾಯಿತು. ಹೂಳುವ ಮೊದಲೇ ಅಂಚಿಗೆ ಎರಡು ಕೈ ಉಗುರುಬಣ್ಣವನ್ನೋ ಎಪಾಕ್ಸಿಯನ್ನೋ ಬಳಿದಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಇಎಸ್‌ಪಿ-32ರಂಥ ಅಂಗೈಯಗಲದ ಬೋರ್ಡುಗಳು ಈಗ ಅಗ್ಗ. ಬೋರ್ಡು ಹೆಚ್ಚು ಹೊತ್ತು ನಿದ್ರೆಮಾಡುತ್ತದೆ. ಗಂಟೆಗೊಮ್ಮೆ ಎದ್ದು, ಸೆನ್ಸರುಗಳನ್ನು ವಿಚಾರಿಸಿ, ಅಂಕಿ ಕಳುಹಿಸಿ ಮತ್ತೆ ಮಲಗುತ್ತದೆ. ಆದರೆ ಸೆನ್ಸರು ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯುವ ಶಕ್ತಿ ಬೋರ್ಡಿಗಿಲ್ಲ. ಆ ಕೆಲಸ ನಮ್ಮದು. ಅದಕ್ಕೆ ಬೇಕಾದ ಸಾಮಾನು ಅಡುಗೆಮನೆಯಲ್ಲಿಯೇ ಇದೆ.

ಮೊದಲನೆಯದು ಉಷ್ಣತೆ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಕಲಕಿ, ನೀರು ಒಳಹೋಗದಂತೆ ಮುಚ್ಚಿದ ಸೆನ್ಸರನ್ನು ಅದರಲ್ಲಿಡಿ. ಸೊನ್ನೆ ಡಿಗ್ರಿ ತೋರಬೇಕು. ಡಿಎಸ್18ಬಿ20 ಎಂಬ ಸೆನ್ಸರಿನಲ್ಲಿ ಅರ್ಧ ಡಿಗ್ರಿ ಆಚೀಚೆ ಇರಬಹುದು. ಕುದಿಯುವ ನೀರಿನಿಂದ ಪರೀಕ್ಷಿಸುವವರು ನೆನಪಿಡಿ: ಸಮುದ್ರಮಟ್ಟದಿಂದ 1,000 ಮೀಟರು ಎತ್ತರದಲ್ಲಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಎರಡನೆಯದು ಗಾಳಿಯ ತೇವ. ಮುಚ್ಚಳವಿರುವ ಡಬ್ಬಿಯಲ್ಲಿ ನಾಲ್ಕು ಚಮಚ ಅಡುಗೆ ಉಪ್ಪು ಹಾಕಿ, ಕರಗಿಹೋಗದಷ್ಟು ನೀರು ಚಿಮುಕಿಸಿ ಕೆಸರಿನಂತೆ ಮಾಡಿ. ಸೆನ್ಸರು ಉಪ್ಪಿಗೆ ತಾಗದಂತೆ ಮೇಲೆ ತೂಗುಹಾಕಿ, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ಪರ್ಸೆಂಟ್ ಬರಬೇಕು. ಮೂರು ನಾಲ್ಕು ಅಂಕಿಯ ವ್ಯತ್ಯಾಸವಿದ್ದರೆ ಬರೆದಿಟ್ಟುಕೊಂಡು ಲೆಕ್ಕದಲ್ಲಿ ಸರಿಪಡಿಸಬಹುದು. ಹತ್ತು ಹದಿನೈದು ಇದ್ದರೆ ಆ ಸೆನ್ಸರನ್ನು ಬಿಟ್ಟುಬಿಡುವುದೇ ಲೇಸು.

ಮೂರನೆಯದು ಮಳೆಮಾಪಕ. ಬಾಯಿಯ ವ್ಯಾಸ 16 ಸೆಂಟಿಮೀಟರು ಇದ್ದರೆ 200 ಮಿಲಿಲೀಟರು ನೀರು 10 ಮಿಲಿಮೀಟರು ಮಳೆಗೆ ಸಮ. ನಮ್ಮ ತೋಟದ ಲೆಕ್ಕದಲ್ಲಿ ಸುಮಾರು 40 ಸೆಂಟ್ಸ್. ನೀರನ್ನು ಹನಿಹನಿಯಾಗಿ ಬಿಡಿ. ಒಂದು ಸಲ ಮಗುಚಿದರೆ 0.2 ಮಿಲಿಮೀಟರು ಎಂಬ ಮಾಪಕ 50 ಸಲ ಮಗುಚಬೇಕು. ಮಗುಚಿದ್ದು 50, ಬೋರ್ಡು ಎಣಿಸಿದ್ದು 100 ಆದರೆ ಸ್ವಿಚ್ಚು ಒಂದೇ ಮಗುಚಿಗೆ ಎರಡು ಸಲ ಅದುರುತ್ತಿದೆ ಎಂದರ್ಥ. ಪ್ರೋಗ್ರಾಮಿನಲ್ಲಿ ಕ್ಷಣಕಾಲದ ತಡೆ ಹಾಕಿಸಬೇಕು. ಮಗುಚುವುದೇ ಕಡಿಮೆಯಾದರೆ ಒಳಗೆ ಇರುವೆಯೋ ಸಿಲ್ವರ್ ಎಲೆಯೋ ಸೇರಿದೆಯೇ ನೋಡಿ.

ನಾಲ್ಕನೆಯದು ಮಣ್ಣಿನ ತೇವ. ಸೆನ್ಸರು ಇರುವ ಆಳದಿಂದಲೇ 100 ಗ್ರಾಂ ಮಣ್ಣು ತೆಗೆದು 105 ಡಿಗ್ರಿಯ ಒಲೆಯಲ್ಲಿ ಒಂದು ದಿನ ಒಣಗಿಸಿ ತೂಗಿ. 80 ಗ್ರಾಂ ಉಳಿದರೆ ಹೋದ ನೀರು 20 ಗ್ರಾಂ. ಒಣಮಣ್ಣಿನ ತೂಕಕ್ಕೆ 25 ಪರ್ಸೆಂಟ್. ಮಳೆ ಬಿದ್ದ ಮರುದಿನ, ವಾರದ ಬಳಿಕ, ಕಡು ಬೇಸಿಗೆಯಲ್ಲಿ ಹೀಗೆ ಮೂರು ನಾಲ್ಕು ಸಲ ತೂಗಿ, ಆಯಾ ದಿನದ ಸೆನ್ಸರ್ ಅಂಕಿಯ ಪಕ್ಕದಲ್ಲಿ ಬರೆದಿಡಿ. ಕಾರ್ಖಾನೆಯವರು ನಿಮ್ಮ ಮಣ್ಣನ್ನು ಕಂಡವರಲ್ಲ.

ಇನ್ನು ದೋಷ ಹುಡುಕುವ ವಿಷಯ. ಕೆಲವು ಅಂಕಿಗಳು ಅಳತೆಯಲ್ಲ, ದೂರು. ಡಿಎಸ್18ಬಿ20 ನೆರಳಿನಲ್ಲಿಯೂ 85 ಡಿಗ್ರಿ ತೋರಿಸಿದರೆ, ವಿದ್ಯುತ್ ಬಂದೊಡನೆ ಅಳೆಯಲು ಸಮಯ ಕೊಡದೆ ಕೇಳಿದ್ದೀರಿ ಎಂದರ್ಥ. ಅದಕ್ಕೆ ಮುಕ್ಕಾಲು ಸೆಕೆಂಡು ಬೇಕು. ಸಾಮಾನ್ಯವಾಗಿ ಬಳಸುವ ಪ್ರೋಗ್ರಾಮಿನಲ್ಲಿ ಮೈನಸ್ 127 ಬಂದರೆ ತಂತಿ ಬಿಟ್ಟಿದೆ, ಇಲ್ಲವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿಲ್ಲ. ಮಣ್ಣಿನ ಸೆನ್ಸರಿನ ತಂತಿಯನ್ನು ಇಎಸ್‌ಪಿ-32ರಲ್ಲಿ 32ರಿಂದ 39ರ ಗುಂಪಿನ ಪಿನ್ನಿಗೇ ಕೊಡಿ. ಎರಡನೆಯ ಗುಂಪಿನವು ವೈಫೈ ನಡೆಯುವಾಗ ವೋಲ್ಟೇಜು ಅಳೆಯುವುದಿಲ್ಲ.

ಬ್ಯಾಟರಿ ಹತ್ತೇ ದಿನಕ್ಕೆ ಮುಗಿದರೆ ಬ್ಯಾಟರಿಯನ್ನು ಬಯ್ಯಬೇಡಿ. ಗಾಢ ನಿದ್ರೆಯಲ್ಲಿ ಚಿಪ್ಪು ಕುಡಿಯುವುದು ಸುಮಾರು 10 ಮೈಕ್ರೋ ಆಂಪಿಯರು ಮಾತ್ರ. ಆದರೆ ಬೋರ್ಡಿನ ಪುಟ್ಟ ದೀಪ, ರೆಗ್ಯುಲೇಟರು, ಸದಾ ಎಚ್ಚರವಿರುವ ಸೆನ್ಸರು ಸೇರಿ 10 ಮಿಲಿ ಆಂಪಿಯರು ಎಳೆದರೆ 2,500 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ 250 ಗಂಟೆಗೆ ಖಾಲಿ. ನಿದ್ರೆಯ ಹೊತ್ತಿನಲ್ಲಿ ಮಲ್ಟಿಮೀಟರು ಹಿಡಿದು ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಯಾವುದೇ ದೋಷವಿರಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ತಂತಿ, ಆಮೇಲೆ ಸೆನ್ಸರು, ಆಮೇಲೆ ಬೋರ್ಡು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಕಾಯಿಲೆ ವಾಸಿಯಾದರೂ ಕಾರಣ ತಿಳಿಯುವುದಿಲ್ಲ. ಮೇಜಿನ ಮೇಲೆ ಸರಿಯಾಗಿ ನಡೆದ ಮೇಲೆಯೇ ತೋಟಕ್ಕೆ ಒಯ್ಯಿರಿ. ಮಳೆಗಾಲಕ್ಕೆ ಮೊದಲೊಮ್ಮೆ, ಹೂವಿನ ನೀರಿಗೆ ಮೊದಲೊಮ್ಮೆ ಈ ಪರೀಕ್ಷೆಗಳನ್ನು ಮಾಡಿಕೊಳ್ಳಿ.

ಸಂಘದ ಕಚೇರಿಯಲ್ಲಿ ತಕ್ಕಡಿ, ಮಲ್ಟಿಮೀಟರು, ಅಳತೆಯ ಜಾಡಿ ಇವೆ. ಸಂತೆಯ ದಿನ ಬರುವಾಗ ತಮ್ಮ ಸೆನ್ಸರನ್ನೂ ತನ್ನಿರಿ, ಕೂಡಿ ಪರೀಕ್ಷಿಸೋಣ. ಆದರೆ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡುವ ಅಭ್ಯಾಸವನ್ನು ಮಾತ್ರ ಯಾರೂ ಬಿಡಬೇಡಿ. ನನ್ನ ತಾಕಿಗೆ ಕಡೆಗೂ ನೀರು ಬಂದದ್ದು ಮೇಸ್ತ್ರಿಯ ಆ ಒಂದು ಹಿಡಿ ಮಣ್ಣಿನಿಂದ.