ಅಂಕಣದ ಮನೆಯಿಂದ ಚದರಡಿಯ ಮನೆಗೆ

ನಮ್ಮ ಹಿರಿಯರು ಮನೆಯನ್ನು ಅಂಕಣದಿಂದ ಅಳೆಯುತ್ತಿದ್ದರು. ಎರಡು ತೊಲೆಗಳ ನಡುವಣ ಎಡೆಯೇ ಒಂದು ಅಂಕಣ. "ಅವರದು ಐದಂಕಣದ ಮನೆ" ಎಂದರೆ ಕೇಳಿದವನಿಗೆ ಮನೆಯ ಅಳತೆಯೂ ಒಡೆಯನ ಅಂತಸ್ತೂ ಒಟ್ಟಿಗೇ ತಿಳಿಯುತ್ತಿದ್ದವು. ಇಂದು ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮನೆಯನ್ನು ಚದರಡಿಯಿಂದ ಅಳೆದು, ಕೋಣೆಗಳನ್ನು ಬೆಡ್‌ರೂಮು, ಹಾಲು, ಕಿಚನ್ನು ಎಂದು ಎಣಿಸುತ್ತಾರೆ. (ಈ ಹಾಲು ಕುಡಿಯುವ ಹಾಲಲ್ಲ ಎಂಬುದನ್ನು ನನ್ನ ಅಕ್ಕನಿಗೆ ಬಿಡಿಸಿ ಹೇಳಬೇಕಾಯಿತು.) ಅಂಕಣಕ್ಕೆ ಇಂಥದೇ ಕೆಲಸವೆಂಬ ಕಟ್ಟುಪಾಡು ಇರಲಿಲ್ಲ, ಬೆಡ್‌ರೂಮಿಗಾದರೋ ಹೆಸರೇ ಒಂದು ಕಟ್ಟು. ರಾತ್ರಿ 8 ಗಂಟೆಗಳ ಕಾಲ ಉಪಯೋಗಕ್ಕೆ ಬರುವ ಕೋಣೆ ಉಳಿದ 16 ಗಂಟೆ ಮಂಚವೊಂದನ್ನು ಕಾಯುತ್ತಿರುತ್ತದೆ. ಚಿಕ್ಕ ಮನೆಯ ಇಕ್ಕಟ್ಟಿಗೆ ಮೊದಲ ಕಾರಣ ಇದೇ ಎಂದು ನನ್ನ ಎಣಿಕೆ.

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವನ್ನು ಹೊರಗಿನವರು ಅಲ್ಲಿಯ ಕೆಂಪು ಬಾಳೆಹಣ್ಣಿನಿಂದ ಬಲ್ಲರು. ನಾನು ಹುಟ್ಟಿದ ಮನೆ ಅಲ್ಲಿಯದು. ಮೂರೇ ಅಂಕಣ, ಹನ್ನೊಂದು ಜನ. ಕಲ್ಲು ಮಣ್ಣಿನ ಗೋಡೆ 2 ಅಡಿಗೂ ಮಿಗಿಲಾದ ದಪ್ಪ. ಆ ದಪ್ಪವೇ ನಮ್ಮ ಕಪಾಟು. ಗೋಡೆಯೊಳಗೆ ಬಿಟ್ಟ ಗೂಡುಗಳಲ್ಲಿ ದೀಪ, ಪುಸ್ತಕ, ಔಷಧದ ಸೀಸೆ; ಅವುಗಳ ಮೇಲೆ ಶಹಾಬಾದಿನ ಫರ್ಸಿಯನ್ನು ಗೋಡೆಗೆ ಕಚ್ಚಿಸಿ ಮಾಡಿದ ಸಾಲಿನಲ್ಲಿ ಹಿತ್ತಾಳೆಯ ಕೊಡಗಳು. ಮೊಸರು ಬೆಣ್ಣೆ ನೆಲುವಿನಲ್ಲಿ, ಬಾಳೆಯ ಗೊನೆ ತೊಲೆಯ ಕೊಂಡಿಯಲ್ಲಿ. ಬೆಳಗಾದೊಡನೆ ಕೌದಿಗಳು ಮಡಿಕೆಯಾಗಿ ಸಂದೂಕದ ಮೇಲೇರುತ್ತಿದ್ದವು. ನೆಲ ಮಾತ್ರ ಬರಿದು. ಆ ಬರಿಯ ನೆಲವೇ ಹೊತ್ತಿಗೆ ತಕ್ಕಂತೆ ಊಟದ ಮನೆ, ಓದುವ ಮನೆ, ಮಲಗುವ ಮನೆ. ಹಳೆಯದನ್ನು ಹೊಗಳುವ ಚಪಲದಿಂದ ಇದನ್ನು ಹೇಳುತ್ತಿಲ್ಲ. ಅಲ್ಲಿ ಬೆಳಕು ಸಾಲದು, ಹೊಗೆ ವಿಪರೀತ. ಹೆಂಗಸರಿಗೆ ಏಕಾಂತವೆಂಬುದು ಇರಲೇ ಇಲ್ಲ.

ಫ್ಲ್ಯಾಟಿನ ಒಳಗೋಡೆ ನಾಲ್ಕೂವರೆ ಅಂಗುಲದ್ದು. ಅದರಲ್ಲಿ ಗೂಡು ಕೊರೆಯುವಂತಿಲ್ಲ. ಕಾಂಕ್ರೀಟಿನ ಕಂಬ ತೊಲೆಗಳನ್ನಂತೂ ಮುಟ್ಟಲೇಬಾರದು. ಆದುದರಿಂದ ಗೋಡೆಯೊಳಗಿದ್ದ ಸಾಮಾನೆಲ್ಲ ಕೋಣೆಗೆ ಇಳಿದಿದೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಲೆಕ್ಕ ನೋಡಿ. 6 ಅಡಿಗೆ ಆರೂವರೆ ಅಡಿಯ ಜೋಡಿ ಮಂಚ 39 ಚದರಡಿಯನ್ನು ನುಂಗುತ್ತದೆ. ಎರಡೂವರೆ ಅಡಿಯ ಬಾಗಿಲು ತೆರೆದು ಮುಚ್ಚಲು ಸುಮಾರು 5 ಚದರಡಿಯನ್ನು ಸದಾ ತೆರವಾಗಿಡಬೇಕು. 4 ಅಡಿ ಅಗಲ, 2 ಅಡಿ ಆಳದ ಕಪಾಟಿಗೆ 8, ಅದರ ಕದ ತೆರೆಯಲು ಮತ್ತಷ್ಟು. ಉಳಿದದ್ದು ಅಡ್ಡಾದಿಡ್ಡಿಯಾದ ಓಣಿ. ಕಪಾಟಿಗೆ ಸರಿಸುವ ಕದವಿಟ್ಟು, ಜೋಡಿ ಮಂಚದ ಬದಲು 3 ಅಡಿಯ ಮಂಚ ಹಾಕಿದರೆ 25 ಚದರಡಿಗೂ ಮಿಗಿಲಾದ ನೆಲ ಒಮ್ಮೆಲೇ ಮರಳಿ ಬರುತ್ತದೆ. ಇನ್ನು ಎತ್ತರ. ವಾಸದ ಕೋಣೆ ಕನಿಷ್ಠ 2.75 ಮೀಟರ್, ಎಂದರೆ 9 ಅಡಿ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 7 ಅಡಿಯ ಮೇಲಿನ 2 ಅಡಿ ಯಾರ ತಲೆಗೂ ತಾಗದು. ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆ ಪರಡಿಗಳಿಗೆ ಅಟ್ಟ ಅಲ್ಲಿಯೇ ಆಗಲಿ.

ಈ ಬುದ್ಧಿವಂತಿಕೆ ಪರದೇಶದಲ್ಲಿಯೂ ನಡೆದದ್ದೇ. ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ 1926ರಲ್ಲಿ ಮಾರ್ಗರೇಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದರು. ರೈಲಿನ ಊಟದ ಡಬ್ಬಿಯ ಅಡುಗೆಮನೆ ಅವರಿಗೆ ಮಾದರಿ. ನಾವೂ ರೈಲಿನಿಂದ ಕಲಿಯಬಹುದು: ಸ್ಲೀಪರ್ ಡಬ್ಬಿಯ ನಡುವಣ ಬರ್ತು ಹಗಲು ಬೆನ್ನಿಗೆ ಒರಗು, ಇರುಳು ಹಾಸಿಗೆ. ಗೋಡೆಗೆ ಕೀಲು ಜೋಡಿಸಿದ ಹಲಗೆಯೊಂದು ಹಾಗೆಯೇ ಮಗುವಿಗೆ ಓದುವ ಮೇಜು, ಮನೆಯವರಿಗೆ ಊಟದ ಮೇಜು ಆದೀತು. ಮೊಳೆ ಗಿಲಾವಿನಲ್ಲಿ ನಿಲ್ಲದೆ ಇಟ್ಟಿಗೆಯನ್ನು ಹಿಡಿದಿರಬೇಕು, ಅಷ್ಟೆ.

ಆದರೆ ಮಡಿಚುವ ನೀತಿ ಎಲ್ಲರಿಗೂ ಸಲ್ಲದು. ಕಮಲಾಪುರದ ಮನೆಗೆ ಬೀಗ ಹಾಕಿದ ಮೇಲೆ ಎಪ್ಪತ್ತೆಂಟು ವರ್ಷದ ಅಕ್ಕ ಎರಡು ಕೋಣೆಯ ನಮ್ಮ ಫ್ಲ್ಯಾಟಿಗೆ ಬಂದರು. ಅವರು ಕೇಳಿದ್ದು ಒಂದೇ ಮಾತು: "ತಮ್ಮಾ, ನನ್ನ ಸಂದೂಕ ಎಲ್ಲಿಡ್ಲಿ?" ಮಂಚದ ಕೆಳಗೆ ತಳ್ಳಬಹುದಿತ್ತು, ಆದರೆ ಬಗ್ಗಿ ಎಳೆಯುವವರಾರು? ಕಿಟಕಿಯ ಬದಿಗೆ ಇರಿಸಿ ಮೇಲೆ ಕೌದಿ ಹಾಸಿದೆವು. ಈಗ ಅದೇ ಮೊಮ್ಮಕ್ಕಳು ಕೂಡುವ ಕಟ್ಟೆ. ಅವರ ನಿತ್ಯದ ವಸ್ತುಗಳೆಲ್ಲ ಮೊಣಕಾಲಿಗಿಂತ ಮೇಲೆ, ಹೆಗಲಿಗಿಂತ ಕೆಳಗೆ. ಹಗಲೂ ಒರಗಬೇಕಾದ ಮುದುಕಿಯ ಮಂಚ ಹಾಸಿದಂತೆಯೇ ಇರುತ್ತದೆ. ಮಡಿಚುವುದು ನಮ್ಮ ಹಾಸಿಗೆಗಳು. ತಿಂಗಳಿಗೆರಡು ಬಾರಿ ಬರುವ ಅತಿಥಿಗಾಗಿ ಹಾಲಿನ ತುಂಬ ಸೋಫಾ ಇಟ್ಟು, ತಾಯಿಯನ್ನು ಬಾಗಿಲ ಸಂದಿಯಲ್ಲಿ ಮಲಗಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಅದನ್ನು ಅಲಂಕಾರವೆಂದು ಕರೆಯಲು ನನ್ನ ನಾಲಗೆ ಒಪ್ಪುವುದಿಲ್ಲ.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಪಡುವಣ ಗೋಡೆ ಸಂಜೆಯ ಮೇಲೂ ಕಾವು ಉಗುಳುತ್ತದೆ. ಕಪಾಟುಗಳನ್ನು ಆ ಗೋಡೆಗೆ 2 ಅಂಗುಲ ಬಿಟ್ಟು ನಿಲ್ಲಿಸಿದರೆ ಕಾವಿಗೆ ತಡೆಯಾದೀತು, ಮಳೆಗಾಲದ ತೇವವೂ ಬಟ್ಟೆಗೆ ಹತ್ತದು. ಜಾಗ ಹೆಚ್ಚಿಸುವ ಆಸೆಯಿಂದ ಬಾಲ್ಕನಿಗೆ ಗಾಜು ಮುಚ್ಚಿಸುವವರು ಗಾಳಿಯ ದಾರಿಯನ್ನೇ ಮುಚ್ಚುತ್ತಾರೆ. ಅಲ್ಲಿ ಒಂದು ಬಿದಿರಿನ ಪರದೆ ಸಾಕು; ಹಗಲು ಇಳಿಸಿ, ಸಂಜೆ ಸುತ್ತಿಟ್ಟರೆ ಮೇ ತಿಂಗಳ ರಾತ್ರಿ ಅಲ್ಲಿಯೂ ಒಂದು ಚಾಪೆ ಹಾಸಬಹುದು.